ರಾಣಿ ರೂಪಾಯಿಯ ಸಂಚಕಾರ

ಮಾರುಕಟ್ಟೆ ಸಮಿತಿಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಆಗಾಗ ನಮ್ಮ ಮನೆಯ ಜಗಲಿಗೆ ಬಂದು ಕೂರುತ್ತಾರೆ. ಬಂದವರು ಮೊದಲು ಕೇಳುವುದು ಒಂದೇ ಮಾತು: "ತಾತ, ನಿಮ್ಮ ಕಾಲದಲ್ಲಿ ಕಡಲೇಕಾಯಿ ದರ ಯಾರು ಕಟ್ಟುತ್ತಿದ್ದರು?" ನಾನು "ಲಂಡನ್ನಿನವರು" ಎಂದರೆ ನಗುತ್ತಾರೆ. ಮುದುಕನಿಗೆ ಅರಳುಮರಳು ಎಂದುಕೊಳ್ಳುತ್ತಾರೋ ಏನೋ. ಮಧುಗಿರಿ ಮಂಡಿಯಲ್ಲಿ ಖರೀದಿ ಗುಮಾಸ್ತನಾಗಿ ಕಡಲೇಕಾಯಿ ಸುಲಿದು ಸುಲಿದು ಹೆಬ್ಬೆರಳಿನ ಉಗುರು ಸವೆಸಿಕೊಂಡವನು ನಾನು. ಆ ನಗುವಿಗೆ ಉತ್ತರ ಹೇಳೋಣವೆಂದು ಇದನ್ನು ಬರೆಯಲು ಕೂತಿದ್ದೇನೆ. ಸಂಬಳ ಯಾವಾಗ ಏರಿತು ಎನ್ನುವುದನ್ನೆಲ್ಲ ಬಿಟ್ಟಿದ್ದೇನೆ. ಏರಿದ್ದೂ ಅಷ್ಟರಲ್ಲೇ ಇದೆ.

ನಮ್ಮ ಸಾಹುಕಾರರು ರುದ್ರಪ್ಪನವರು. ಲಿಂಗವಂತರು, ತಲೆತಲಾಂತರದ ವ್ಯಾಪಾರಸ್ಥರು. ಬಾಯಿ ಜೋರು, ಮೂಗಿನ ತುದಿಯಲ್ಲೇ ಸಿಟ್ಟು. ಬೈದರೆ ಬೀದಿಯ ಆ ತುದಿಗೆ ಕೇಳಬೇಕು, ಬೈದು ಮುಗಿದ ಮೇಲೆ "ಊಟ ಆಯ್ತೇನಯ್ಯ?" ಎಂದು ಕೇಳುತ್ತಿದ್ದರು. ಮಧುಗಿರಿ, ಕೊರಟಗೆರೆ, ಪಾವಗಡದ ಹಳ್ಳಿಗಳಿಂದ ಕಾಯಿ ಕೊಂಡು ಮದ್ರಾಸಿನ ಒಂದು ರಫ್ತು ಕಂಪನಿಗೆ ಕೊಡುವುದು ಅವರ ವ್ಯಾಪಾರ. ಕಂಪನಿಯ ಪರವಾಗಿ ಶೇಷಾದ್ರಿ ಎನ್ನುವ ಏಜೆಂಟರು ಗೌರಿಬಿದನೂರು ರೈಲ್ವೆ ಸ್ಟೇಷನ್ನಿನ ಹತ್ತಿರ ಇದ್ದರು. ನಮ್ಮ ಚೀಲಗಳು ಗಾಡಿಯಲ್ಲಿ ಅಲ್ಲಿಗೆ ಹೋಗಿ, ರೈಲು ಹತ್ತಿ, ಮದ್ರಾಸಿನಲ್ಲಿ ಹಡಗು ಹತ್ತಿ ಫ್ರಾನ್ಸಿನ ಎಣ್ಣೆ ಗಿರಣಿ ಸೇರುತ್ತಿದ್ದವು. ಬೆಳಿಗ್ಗೆ ತಂತಿಯಲ್ಲಿ ದರ ಬರುತ್ತಿತ್ತು. ತಂತಿ ಬರುವ ತನಕ ರುದ್ರಪ್ಪನವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ನನ್ನ ಕೆಲಸ ಹಳ್ಳಿಗೆ ಹೋಗಿ ಮಾಲು ನೋಡುವುದು. ಈಗಿನಂತೆ ಯಂತ್ರ ಇರಲಿಲ್ಲ. ಒಂದು ಪುಟ್ಟ ತಕ್ಕಡಿ, ಒಂದು ಚೀಲ ಬೆಳ್ಳಿ ರೂಪಾಯಿ. ಒಂದು ರೂಪಾಯಿಯ ತೂಕ ಒಂದು ತೊಲ, ಹಾಗಾಗಿ ರೂಪಾಯಿಯೇ ನಮ್ಮ ತೂಕದ ಕಲ್ಲು. ನೂರು ರೂಪಾಯಿ ತೂಕದ ಕಾಯನ್ನು ರಾಶಿಯ ನಾಲ್ಕೂ ಕಡೆಯಿಂದ ತೆಗೆದು ಸುಲಿದು, ಬೀಜ ಎಷ್ಟು ರೂಪಾಯಿ ತೂಗುತ್ತದೆ ಎಂದು ನೋಡುತ್ತಿದ್ದೆವು. ಎಪ್ಪತ್ತರ ಮೇಲೆ ಬಂದರೆ ಬೆಳೆದವನ ಮೀಸೆ ತಾನೇ ಮೇಲೇರುತ್ತಿತ್ತು. ಹೊಸಬರಿಗೆ ಒಂದು ಮಾತು: ಬೀಜ ತೂಗುವಾಗ ಬೆಳೆದವನನ್ನು ಎದುರಿಗೇ ಕೂರಿಸಿಕೊಳ್ಳಿ. ಅವನ ಕೈಯಲ್ಲೂ ನಾಲ್ಕು ಕಾಯಿ ಸುಲಿಸಿ. ಆಮೇಲೆ ಜಗಳ ಅರ್ಧಕ್ಕರ್ಧ ಕಡಿಮೆ.

ಇನ್ನೊಂದು ಪದ್ಧತಿ ಹೇಳಬೇಕು, ಈ ಕಥೆಯೆಲ್ಲ ನಿಂತಿರುವುದು ಅದರ ಮೇಲೆ. ಬೆಳೆ ಇನ್ನೂ ಹೊಲದಲ್ಲಿರುವಾಗಲೇ ದರ ಮಾತಾಡಿ ಸಂಚಕಾರ ಕೊಡುತ್ತಿದ್ದೆವು. ಎಷ್ಟು ದೊಡ್ಡ ಹೊಲವಿರಲಿ, ಸಂಚಕಾರ ಒಂದೇ ರೂಪಾಯಿ. ಅದನ್ನು ಹೊಸ್ತಿಲ ಕಲ್ಲಿನ ಮೇಲೆ ಚಿಮ್ಮಿ, ಸದ್ದು ಕೇಳಿಸಿ, ವೀಳ್ಯದೆಲೆಯ ಮೇಲಿಟ್ಟು ಕೊಡಬೇಕು. ಮಾಲು ತೂಗುವ ದಿನ ಅದೇ ರೂಪಾಯಿ ಸಾಹುಕಾರನ ಕೈಗೆ ಮರಳಬೇಕು. ಅದೇ ರೂಪಾಯಿ, ಇನ್ನೊಂದು ನಡೆಯುವುದಿಲ್ಲ. ಅದು ಕೈಬಿಟ್ಟರೆ ಮಾತು ಮುರಿಯಿತೆಂದೇ ಲೆಕ್ಕ. ಗುರುತಿಗೆಂದು ರುದ್ರಪ್ಪನವರು ವಿಕ್ಟೋರಿಯಾ ರಾಣಿಯ ಮುಖದ ಹಳೇ ರೂಪಾಯಿಗಳನ್ನೇ ಇದಕ್ಕೆ ಎತ್ತಿಡುತ್ತಿದ್ದರು. ರಾಜನ ಮುಖದ್ದು ಸಂತೆಗೆ, ರಾಣಿಯ ಮುಖದ್ದು ಮಾತಿಗೆ.

ಈಗ ಲಂಡನ್ನಿನ ವಿಷಯ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಸರ್ಕಾರದವರು ರೂಪಾಯಿಯ ಬೆಲೆಯನ್ನು ಹದಿನೆಂಟು ಪೆನ್ನಿ ಎಂದು ಗೊತ್ತುಮಾಡಿದರು. ಮೊದಲಿನ ವಾಡಿಕೆ ಹದಿನಾರು. ಅದರಿಂದ ನಮಗೇನು ಎನ್ನುತ್ತೀರಿ. ಹದಿನಾರರ ಲೆಕ್ಕದಲ್ಲಿ ಒಂದು ಪೌಂಡು ಬಂದರೆ ಇಲ್ಲಿ ಹದಿನೈದು ರೂಪಾಯಿ ಆಗುತ್ತಿತ್ತು. ಹದಿನೆಂಟರ ಲೆಕ್ಕದಲ್ಲಿ ಹದಿಮೂರು ರೂಪಾಯಿ ಚಿಲ್ಲರೆ. ಗಿರಣಿಯವನು ಕೊಡುವುದು ಅಷ್ಟೇ, ಹಡಗಿನ ಬಾಡಿಗೆ ಅಷ್ಟೇ, ಕಂಪನಿಯ ಲಾಭ ಅಷ್ಟೇ. ಕಡಿಮೆಯಾದದ್ದು ದೊಡ್ಡೇರಿಯ ಹೊಲದಲ್ಲಿ ಬಗ್ಗಿ ಕಾಯಿ ಕೀಳುವವನ ಪಾಲು. ಮೈಸೂರು ಮಹಾರಾಜರ ಸೀಮೆಯಾದರೂ ನಾಣ್ಯ ಇಂಗ್ಲಿಷರದೇ ತಾನೇ. ಬೆಳೆದವನ ಕಣ್ಣಿಗೆ ಲಂಡನ್ ಎಲ್ಲಿ ಕಾಣುತ್ತದೆ? ಎದುರಿಗೆ ಕಾಣುವುದು ನಾನು ಮತ್ತು ನನ್ನ ತಕ್ಕಡಿ. ಬೈಗುಳವೆಲ್ಲ ನಮಗೇ ಬಂತು.

ಇದನ್ನು ತಿಳಿಸಿ ಹೇಳುತ್ತೇನೆಂದು ನಾನು ವೈ.ಎನ್.ಹೊಸಕೋಟೆಯಲ್ಲಿ ಒಮ್ಮೆ ಭಾಷಣವನ್ನೇ ಮಾಡಿದೆ. "ಪೌಂಡಿನ ಮುಂದೆ ನಮ್ಮ ರೂಪಾಯಿ ಈಗ ದೊಡ್ಡದಾಗಿದೆ, ಅದಕ್ಕೇ ನಿಮಗೆ ಬರುವ ರೂಪಾಯಿಗಳು ಕಡಿಮೆ" ಎಂದೆ. ನರಸಪ್ಪ ಎನ್ನುವ ಮುದುಕ ಎಲ್ಲವನ್ನೂ ಕೇಳಿ ಎದ್ದುಹೋದ. ಮಾತು ಮನಸ್ಸಿಗೆ ಇಳಿಯಿತು ಎಂದು ನಾನು ಹಿಗ್ಗಿದೆ. ಅವನು ಮನೆಯಿಂದ ಒಂದು ಹಳೇ ರೂಪಾಯಿ, ಒಂದು ಹೊಸ ರೂಪಾಯಿ ತಂದು ನನ್ನ ತಕ್ಕಡಿಯಲ್ಲೇ ಎರಡೂ ಕಡೆ ಇಟ್ಟ. ಮುಳ್ಳು ನಡುವೆ ನಿಂತಿತು. ಆ ಗಡಿ ಸೀಮೆಯ ತೆಲುಗು ಬೆರೆತ ಕನ್ನಡದಲ್ಲಿ ಕೇಳಿದ:

"ಏಮಯ್ಯಾ ಗುಮಾಸ್ತ, ರೂಪಾಯಿ ದೊಡ್ಡದಾಯ್ತು ಅಂತೀಯ. ಇದಿಗೋ ಚೂಡು, ಎರಡೂ ಒಂದೇ ತೂಕ. ದೊಡ್ಡದಾಗಿದ್ದು ಎಕ್ಕಡ? ನಿಮ್ಮ ಸಾವ್ಕಾರ್ರ ಹೊಟ್ಟೇನಾ?"

ಊರೆಲ್ಲ ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ. ಮಧುಗಿರಿಗೆ ಬಂದು ಹೇಳಿದರೆ ರುದ್ರಪ್ಪನವರು ಹೊಟ್ಟೆ ಸವರಿಕೊಂಡು, "ನರಸಪ್ಪ ಹೇಳಿದ್ದು ಪೂರ್ತಿ ಸುಳ್ಳಲ್ಲ ಬಿಡಯ್ಯ" ಎಂದರು.

ಕೆಲವು ವರ್ಷ ಹೀಗೇ ಸಾಗಿತು. ಆಮೇಲೆ ಲೋಕದಲ್ಲೆಲ್ಲ ವ್ಯಾಪಾರ ಕುಸಿಯಿತು. ದರ ದಿನದಿನಕ್ಕೂ ಇಳಿಯತೊಡಗಿತು. ಇಂಥ ಹೊತ್ತಿನಲ್ಲಿ ಕಂಪನಿಯವರು, ಆ ವರ್ಷದ ಬೆಳೆಗೆ ಗೊತ್ತಾದ ಒಂದು ದರ ಕೊಡುತ್ತೇವೆ, ಒಪ್ಪುತ್ತೀರಾ ಎಂದು ಕೇಳಿದರು. ನಾಳೆ ಇನ್ನೂ ಇಳಿದರೆ ಎಂಬ ಭಯಕ್ಕೆ ರುದ್ರಪ್ಪನವರು ಒಪ್ಪಿ ಸಹಿ ಹಾಕಿದರು. ಭಾದ್ರಪದದಲ್ಲಿ ನಾನು ಹಳ್ಳಿಹಳ್ಳಿ ತಿರುಗಿ ಅದೇ ದರದ ಆಧಾರದಲ್ಲಿ ಸಂಚಕಾರ ಕೊಟ್ಟು ಬಂದೆ. ಬೆಳೆದವರೂ ಅದೇ ಭಯಕ್ಕೆ ಕೈ ಒಡ್ಡಿದರು.

ಹಾಗೆ ಕೈ ಒಡ್ಡಿದವರಲ್ಲಿ ಹನುಮಕ್ಕನೂ ಒಬ್ಬಳು. ದೊಡ್ಡೇರಿ ಹೋಬಳಿಯ ಒಂದು ಸಣ್ಣ ಊರು ಅವಳದು. ಗಂಡ ತೀರಿಕೊಂಡ ಮೇಲೆ ಬೇಸಾಯ ತಾನೇ ನೋಡಿಕೊಳ್ಳುತ್ತಿದ್ದಳು. ಮಗ ಸಾಧು, ಸೊಸೆ ಚುರುಕು. ಹನುಮಕ್ಕನ ಮನಸ್ಸೆಲ್ಲ ಒಂದು ಬಾವಿಯ ಮೇಲೆ. ಹೊಲದ ಮೂಲೆಯಲ್ಲಿ, ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿ ತೋಡಿಸುತ್ತಿದ್ದಳು. ಭೋವಿಗಳ ಒಂದು ತಂಡ ಗುಡಿಸಲು ಹಾಕಿಕೊಂಡು ಅಗೆಯುತ್ತಿತ್ತು. ಮಣ್ಣು ಮುಗಿದು ಬಂಡೆ ಸಿಕ್ಕಿತ್ತು. ಬಂಡೆ ಸಿಡಿಸಲು ಮದ್ದು ಬೇಕು, ಮದ್ದಿಗೆ ದುಡ್ಡು ಬೇಕು.

"ಬಂಡೆ ಕೆಳಗೆ ನೀರೈತೆ ಕಣ್ ರಂಗಣ್ಣ," ಎಂದಿದ್ದಳು ನನಗೆ. "ಕಿವಿ ಇಟ್ಟು ಕೇಳಿವ್ನಿ. ಕಾಯಿ ದುಡ್ಡು ಬಂದೇಟ್ಗೆ ಮದ್ದು ತರುಸ್ತೀನಿ. ಇನ್ನು ಮಳೆರಾಯನ ಮಕ ನೋಡ್ಕಂಡು ಕೂರಾಕಿಲ್ಲ."

ನಾನು ಹೇಳಿದ ದರ ಕೇಳಿ ಅವಳ ಮುಖ ಚಿಕ್ಕದಾಯಿತು. ಆ ದರಕ್ಕೆ ಮಾರಿದರೆ ಮನೆ ನಡೆಯುತ್ತದೆ, ಮದ್ದಿಗೆ ಏನೂ ಉಳಿಯುವುದಿಲ್ಲ. ಆದರೂ ದರ ಇನ್ನೂ ಇಳಿಯುತ್ತದೆ ಎಂದು ಊರೆಲ್ಲ ಹೇಳುತ್ತಿತ್ತು. ಅವಳು ರಾಣಿ ರೂಪಾಯಿ ಇಸಿದುಕೊಂಡು ದೇವರ ಗೂಡಿನಲ್ಲಿಟ್ಟಳು. ಸೊಸೆ ತನ್ನ ಕೊರಳಿನ ಗುಂಡಿನ ಸರ ಮುಟ್ಟಿಕೊಂಡು "ಅತ್ತೆ, ಇದನ್ನ ಮಾರಾನಾ?" ಎಂದಾಗ, "ನಿಮ್ಮಪ್ಪ ಇಕ್ಕಿದ್ದು ಅದು. ಅದನ್ನ ಮಾರಿ ತೋಡಿದ ಬಾವಿ ನೀರು ನನ್ಗೆ ಇಳಿಯಾಕಿಲ್ಲ" ಎಂದು ಗದರಿದಳು.

ಇದಾದ ಕೆಲವೇ ದಿನಕ್ಕೆ ಬೆಳಗಿನ ತಂತಿಯಲ್ಲಿ ದರವೇ ಬರಲಿಲ್ಲ. "ದರವಿಲ್ಲ, ಕಾಯಿರಿ" ಎಂದಷ್ಟೇ ಇತ್ತು. ಮರುದಿನವೂ ಅದೇ. ಪಟ್ಟಣಗಳಲ್ಲಿ ಬ್ಯಾಂಕುಗಳಿಗೇ ಬೀಗ ಬಿದ್ದಿದೆ ಎಂಬ ಸುದ್ದಿ ಬಂತು. ಮಂಡಿಯೆಲ್ಲ ಸಾವಿನ ಮನೆಯಾಯಿತು. ಕೊನೆಗೆ ಪೋಸ್ಟ್ ಮಾಸ್ತರರು ಇಂಗ್ಲಿಷ್ ಪತ್ರಿಕೆ ಓದಿ ಹೇಳಿದರು: ಇಂಗ್ಲೆಂಡು ಚಿನ್ನವನ್ನು ಕೈಬಿಟ್ಟಿತು. ಇಷ್ಟು ಪೌಂಡಿಗೆ ಇಷ್ಟು ಚಿನ್ನ ಕೊಡುತ್ತೇನೆಂದು ಲೋಕಕ್ಕೆಲ್ಲ ಕೊಟ್ಟ ಮಾತಿತ್ತಲ್ಲ, ಇನ್ನು ಮೇಲೆ ಕೊಡುವುದಿಲ್ಲವಂತೆ.

"ಕೊಡಲ್ಲ ಅಂದ್ಬಿಟ್ರೆ ಆಗೋಯ್ತಾ?" ಎಂದು ರುದ್ರಪ್ಪನವರು ಗುಡುಗಿದರು. "ಹಾಗಂತ ಮಧುಗಿರೀಲಿ ಒಬ್ಬ ಸಾಹುಕಾರ ಅಂದಿದ್ರೆ ಅವನ ಅಂಗಡಿ ಬಾಗಿಲು ಉಳೀತಿತ್ತಾ?"

ಪೋಸ್ಟ್ ಮಾಸ್ತರರು ಕನ್ನಡಕ ಒರೆಸಿಕೊಂಡು, "ಅವರ ಅಂಗಡಿಗೆ ಬಾಗಿಲೇ ಇಲ್ಲ ಸಾಹುಕಾರರೇ" ಎಂದರು.

ಆ ಮಾತಿನಿಂದ ಎರಡು ಬದಲಾವಣೆ ಕಣ್ಣಿಗೇ ಕಂಡವು. ಒಂದು, ಚಿನ್ನದ ಬೆಲೆ ಏರಿತು. ಶಿರಾ ಕಡೆಯಿಂದ ಚಿನ್ನ ಕೊಳ್ಳುವವರು ಪುಟ್ಟ ತಕ್ಕಡಿ ಹಿಡಿದು ಹಳ್ಳಿಗಳಿಗೆ ನುಗ್ಗಿದರು. ಅಜ್ಜಿಯರ ಓಲೆ, ಅಡ್ಡಿಕೆ ಎಲ್ಲ ಗಂಟು ಕಟ್ಟಿಕೊಂಡು ಹಡಗು ಹತ್ತಿದವು. ಎಷ್ಟೋ ಹೆಣ್ಣುಮಕ್ಕಳ ಬರಿಗೊರಳನ್ನು ಆ ವರ್ಷ ನೋಡಿದೆ, ಇಂದಿಗೂ ನೆನೆಸಿಕೊಂಡರೆ ಸಂಕಟವಾಗುತ್ತದೆ. ಇನ್ನೊಂದು, ಪೌಂಡಿನ ಜೊತೆಗೆ ರೂಪಾಯಿಯೂ ಇಳಿದದ್ದರಿಂದ ಫ್ರಾನ್ಸಿನವರಿಗೆ ನಮ್ಮ ಕಾಯಿ ಅಗ್ಗವಾಗಿ, ಕೇಳುವವರು ಹೆಚ್ಚಿದರು. ಕಾಯಿ ಕಿತ್ತು ಒಣಗಿಸುವ ಹೊತ್ತಿಗೆ ಮಣಕ್ಕೆ ನಾಲ್ಕಾಣೆ ಏರಿತ್ತು. ನಾಲ್ಕಾಣೆ ಎಂದರೆ ನಿಮಗೆ ನಗು. ಹನುಮಕ್ಕನಿಗೆ ಅದೇ ಮದ್ದಿನ ದುಡ್ಡು.

ಹಿಂದೂಪುರದ ವ್ಯಾಪಾರಸ್ಥರು ಗಡಿ ದಾಟಿ ಬಂದು ಹೊಸ ದರಕ್ಕೆ ಮುಗಿಬಿದ್ದು ಕೊಳ್ಳತೊಡಗಿದರು. ನಮ್ಮ ಸಂಚಕಾರ ಇಸಿದುಕೊಂಡಿದ್ದವರಲ್ಲಿ ಕೆಲವರು ರೂಪಾಯಿ ತಂದು ನಮ್ಮ ಜಗಲಿಯ ಮೇಲೆ ಕುಕ್ಕಿ, ಮುಖ ತಿರುಗಿಸಿಕೊಂಡು ಹೋದರು. ನಾನು ಅವರನ್ನು ದೂರುವುದಿಲ್ಲ. ಹೊಟ್ಟೆಯ ಪಾಡು ಯಾರನ್ನು ಬಿಟ್ಟಿದೆ? ಗೌರಿಬಿದನೂರಿನಿಂದ ಶೇಷಾದ್ರಿಯವರು ದಿನಾ ಹೇಳಿಕಳಿಸುತ್ತಿದ್ದರು: ಒಪ್ಪಿದಷ್ಟು ಮಾಲು ಒಪ್ಪಿದ ದರಕ್ಕೆ ಬರಬೇಕು, ಒಂದು ಚೀಲ ಕಡಿಮೆಯಾದರೂ ಒಪ್ಪುವುದಿಲ್ಲ. ರುದ್ರಪ್ಪನವರು ಕೊರತೆ ತುಂಬಲು ಹೊಸ ದರಕ್ಕೆ ಕೊಂಡು ಹಳೇ ದರಕ್ಕೆ ಕೊಡಬೇಕಾಗಿತ್ತು. ಅವರ ಬೈಗುಳ ಆ ದಿನಗಳಲ್ಲಿ ನಿಂತೇ ಹೋಯಿತು, ನನಗೆ ಹೆದರಿಕೆಯಾದದ್ದು ಅದರಿಂದ.

ನಾನು ಗಾಡಿ ಹೊಡೆಸಿಕೊಂಡು ಹನುಮಕ್ಕನ ಊರಿಗೆ ಹೋದೆ. ಕಣದಲ್ಲಿ ರಾಶಿ ಸಿದ್ಧವಾಗಿತ್ತು. ಹಿಂದೂಪುರದವನೊಬ್ಬ ಆಗಷ್ಟೇ ಬಂದು ಕೇಳಿ ಬರಿಗೈಲಿ ಹೋಗಿದ್ದ. ಬೀಜ ತೂಗಿದೆ, ಎಪ್ಪತ್ತಮೂರು ಬಂತು. ಪದ್ಧತಿಯಂತೆ ಕೈಚಾಚಿ ಸಂಚಕಾರ ಕೇಳಿದೆ. ಹನುಮಕ್ಕ ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ಕೊಟ್ಟಳು. ಅದರ ಮೇಲೆ ಇದ್ದದ್ದು ರಾಣಿಯ ಮುಖವಲ್ಲ, ಜಾರ್ಜ್ ದೊರೆಯ ಗಡ್ಡ.

"ಇದು ನಾನು ಕೊಟ್ಟದ್ದಲ್ಲ ಹನುಮಕ್ಕ."

ಅವಳು ನಾಣ್ಯವನ್ನು ಕಸಿದುಕೊಂಡು ತಿರುವಿ ನೋಡಿ, ಸೊಸೆಯನ್ನು ಕೂಗಿದಳು. ಸೊಸೆ ರಾಶಿಯ ಮರೆಯಲ್ಲಿ ಅಳುತ್ತಿದ್ದಳು. ನಡೆದದ್ದು ಇಷ್ಟು. ಭೋವಿಗಳ ಮೇಸ್ತ್ರಿ, ಇಲ್ಲಿ ಮದ್ದು ಬರುವ ಲಕ್ಷಣ ಕಾಣೆ, ಬೇರೆ ಊರಿಗೆ ಹೋಗುತ್ತೇವೆ ಎಂದು ಗಂಟು ಕಟ್ಟಿದ್ದಾನೆ. ಅತ್ತೆ ಮನೆಯಲ್ಲಿಲ್ಲ. ಸೊಸೆ ಗಾಬರಿಬಿದ್ದು, ದೇವರ ಗೂಡಿನಲ್ಲಿದ್ದ ರೂಪಾಯಿ ತೆಗೆದು ಅವನಿಗೆ ಮುಂಗಡವೆಂದು ಕೊಟ್ಟು ನಿಲ್ಲಿಸಿದ್ದಾಳೆ. ಅವನು ಅದನ್ನು ಅದೇ ವಾರ ಸಂತೆಯಲ್ಲಿ ರಾಗಿಗೆ ಕೊಟ್ಟಿದ್ದಾನೆ. ಅತ್ತೆ ಮಾರುವ ತುಪ್ಪದಲ್ಲಿ ಸೊಸೆ ಗುಟ್ಟಾಗಿ ಉಳಿಸಿ, ಬೇರೆ ರೂಪಾಯಿ ಹೊಂದಿಸಿ ಅದೇ ಗೂಡಿನಲ್ಲಿಟ್ಟಿದ್ದಾಳೆ.

ನನಗೆ ನಿಜವಾಗಿ ಸಂತೋಷವಾಯಿತು. "ಹನುಮಕ್ಕ, ನಿನ್ನ ಪುಣ್ಯ. ಪದ್ಧತಿ ಪ್ರಕಾರ ಈ ರಾಶಿ ಈಗ ನಮ್ಮದಲ್ಲ. ಹಿಂದೂಪುರದವನು ಇನ್ನೂ ಕೆರೆ ಏರಿ ದಾಟಿರಲಾರ, ಕೂಗಿಸು. ಮದ್ದು ತರಿಸು" ಎಂದೆ.

ಅವಳು ನನ್ನನ್ನು ಸುಡುವ ಹಾಗೆ ನೋಡಿದಳು. "ರೂಪಾಯಿ ಓದ್ರೆ ಮಾತೂ ಓಯ್ತದಾ? ಕೈ ಒಡ್ಡಿದ್ದು ನಾನು, ಆ ರಾಣಿ ಅಲ್ಲ. ತೂಗು ರಂಗಣ್ಣ."

ನಾನು ತೂಗಲಿಲ್ಲ. ಗಾಡಿಗಳನ್ನು ಅಲ್ಲೇ ಬಿಟ್ಟು ಮಧುಗಿರಿಗೆ ಬಂದು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಇನ್ನೊಂದು ಕಡೆ ನಷ್ಟ ಎನ್ನುವ ಸುದ್ದಿ ತಂದವನಿಗೆ ಒದೆ ಬೀಳುತ್ತದೆ ಎಂದೇ ನಿಂತಿದ್ದೆ. ರುದ್ರಪ್ಪನವರು ಕೈಯಲ್ಲಿದ್ದ ನಶ್ಯದ ಡಬ್ಬಿಯನ್ನು ತೆರೆಯದೆಯೇ ಜೇಬಿಗೆ ಹಾಕಿಕೊಂಡು ಎದ್ದರು. "ನಾನೇ ಬರ್ತೀನಿ ನಡಿ" ಎಂದರು.

ಕಣದಲ್ಲಿ ಊರಿನವರು ಸೇರಿದ್ದರು. ಸಾಹುಕಾರರೇ ಹಳ್ಳಿಗೆ ಬಂದದ್ದು ದೊಡ್ಡ ಸುದ್ದಿ. ಅವರು ರಾಶಿಯ ಮುಂದೆ ನಿಂತು ಹೇಳಿದರು: "ನೋಡಮ್ಮ, ನಮ್ಮ ಸಂಚಕಾರ ನಿನ್ನ ಹತ್ರ ಇಲ್ಲ. ಹಳೇ ಮಾತು ಮುಗೀತು. ಈವತ್ತಿನ ದರಕ್ಕೆ ಹೊಸದಾಗಿ ಕೊಳ್ತೀನಿ. ಇದರಲ್ಲಿ ಯಾರ ಉಪಕಾರಾನೂ ಇಲ್ಲ, ವ್ಯಾಪಾರ."

ನನಗೆ ಮಾತ್ರ ಗೊತ್ತಿತ್ತು, ಆ ಪ್ರತಿ ಮಣಕ್ಕೂ ಅವರ ಜೇಬಿನಿಂದ ಹೋಗುವುದೆಷ್ಟು ಎಂದು. ಹನುಮಕ್ಕನಿಗೂ ಗೊತ್ತಿತ್ತು ಎನ್ನಿಸುತ್ತದೆ. ಅವಳು ಬಾವಿಯ ಕಡೆ ಒಂದು ಸಲ ನೋಡಿದಳು. ಭೋವಿಗಳು ಗುಂಡಿಯ ದಡದಲ್ಲಿ ಕುಕ್ಕರುಗಾಲಲ್ಲಿ ಕೂತು ಇತ್ತಲೇ ನೋಡುತ್ತಿದ್ದರು.

"ಸಾವ್ಕಾರ್ರೆ, ಒಂದು ಕೇಳ್ತೀನಿ. ರೇಟು ಬಿದ್ದೋಗಿದ್ರೆ, ಸೊಸೆ ರೂಪಾಯಿ ಕಳ್ದವ್ಳೆ ಅಂತ ನೀವು ನನ್ಗೆ ಕಮ್ಮಿ ಕೊಡ್ತಿದ್ರಾ?"

ರುದ್ರಪ್ಪನವರು ಉತ್ತರ ಕೊಡಲು ತಡಮಾಡಲಿಲ್ಲ. "ಇಲ್ಲ."

"ಅಂಗಾದ್ರೆ ನಾನ್ಯಾಕೆ ಎಚ್ಚಿಗೆ ಇಸ್ಕಳ್ಳಿ? ತೂಗ್ಸಿ."

ತೂಗಿದೆವು. ಹಳೇ ದರಕ್ಕೇ. ನನ್ನ ಕೆಲಸದಲ್ಲಿ ಅಷ್ಟು ಭಾರವಾದ ತಕ್ಕಡಿಯನ್ನು ನಾನು ಎತ್ತಿಲ್ಲ. ದಾರಿಯಲ್ಲಿ ರುದ್ರಪ್ಪನವರು ಒಂದೇ ಮಾತಾಡಿದ್ದು. "ಲಂಡನ್ನಿನವರು ಒಂದೇ ದಿನದಲ್ಲಿ ಮಾತು ಬಿಟ್ಟರು, ಅವರಿಗೆ ಒಳ್ಳೇದೇ ಆಯ್ತು. ಈ ಹೆಂಗಸು ಮಾತು ಉಳಿಸಿಕೊಂಡು ಬಾವಿ ಕಳಕೊಂಡಳು. ಇದ್ಯಾವ ನ್ಯಾಯವಯ್ಯ ರಂಗಣ್ಣ?" ಅವರ ಕಣ್ಣು ಒದ್ದೆಯಾಗಿತ್ತು.

ಭೋವಿಗಳು ಆ ವಾರವೇ ಗುಡಿಸಲು ಕಿತ್ತು ಹೋದರು. ಬಾವಿ ಬಂಡೆಯ ಮೇಲೇ ನಿಂತಿತು. ಮುಂದಿನ ವರ್ಷಗಳಲ್ಲಿ ದರ ಮತ್ತೆ ಬಿತ್ತು. ಪ್ರತಿ ಸುಗ್ಗಿಗೂ ಹನುಮಕ್ಕನ ಕಣಕ್ಕೆ ಹೋಗುತ್ತಿದ್ದೆ, ಆ ಒಣಗುಂಡಿಯ ಪಕ್ಕದಲ್ಲೇ ಹಾದಿ. ಮಳೆಗಾಲದಲ್ಲಿ ಅದರಲ್ಲಿ ಕಪ್ಪೆ ಕೂಗುತ್ತಿದ್ದವು.

ಯುದ್ಧ ಬಂತು. ಫ್ರಾನ್ಸು ಬಿದ್ದಾಗ ನಮ್ಮ ಕಾಯಿಗೆ ಗಿರಾಕಿಯೇ ಇಲ್ಲವಾಯಿತು. ಆಮೇಲೆ ಸರ್ಕಾರ ಬೆಳ್ಳಿಯನ್ನೆಲ್ಲ ಹಿಂದಕ್ಕೆ ತೆಗೆದುಕೊಂಡು ಒಂದು ರೂಪಾಯಿಯ ಕಾಗದ ಕೊಟ್ಟಿತು. ರಾಣಿ ರೂಪಾಯಿ ನಡೆಯುವುದಿಲ್ಲ ಎಂದರು. ಕಾಗದ ಹೆಚ್ಚಿ ಎಲ್ಲದರ ಬೆಲೆಯೂ ಏರಿತು, ಕಾಯಿಯದೂ ಏರಿತು. ಹಳ್ಳಿಗಳಲ್ಲಿ ಸಂಚಕಾರದ ಪದ್ಧತಿ ಅಲ್ಲಿಗೇ ನಿಂತಿತು. ಕಲ್ಲಿನ ಮೇಲೆ ಚಿಮ್ಮಿದರೆ ಸದ್ದೇ ಬಾರದ ದುಡ್ಡಿಗೆ ಯಾರು ಮಾತು ಕೊಡುತ್ತಾರೆ ಎನ್ನುತ್ತಿದ್ದರು. ಹನುಮಕ್ಕನ ಕೈಯಲ್ಲಿ ಈಗ ನೋಟುಗಳಿದ್ದವು, ಆದರೆ ಬಂಡೆ ಸಿಡಿಸುವ ಮದ್ದೆಲ್ಲ ಯುದ್ಧಕ್ಕೆ ಹೋಗಿತ್ತು. ಯುದ್ಧ ಮುಗಿದು, ಮದ್ದು ಮತ್ತೆ ಸಿಗುವಂತಾದ ಮೇಲೆ ಅವಳು ಭೋವಿಗಳನ್ನು ಕರೆಸಿದಳು.

ನೀರು ಬಿದ್ದ ಸುದ್ದಿಯನ್ನು ಅವಳ ಮಗ ನಡೆದು ಬಂದು ಹೇಳಿದ. ಅಮ್ಮ ಸಾಹುಕಾರರನ್ನೂ ನನ್ನನ್ನೂ ಕರೆತರಲು ಹೇಳಿದ್ದಾಳೆ ಎಂದ. ರುದ್ರಪ್ಪನವರಿಗೆ ಆಗಲೇ ಕಾಲಿನ ಸ್ವಾಧೀನ ತಪ್ಪುತ್ತಿತ್ತು. ಗಾಡಿಯಲ್ಲಿ ಹುಲ್ಲು ಹಾಸಿ ಕರೆದುಕೊಂಡು ಹೋದೆ. ನನ್ನ ಹೆಗಲು ಹಿಡಿದು ಅವರು ಬಾವಿಯ ದಡದಲ್ಲಿ ನಿಂತರು. ಒಡೆದ ಬಂಡೆಯ ನಡುವೆ ನೀರು ತಿಳಿಯಾಗಿ ನಿಂತಿತ್ತು. ಹನುಮಕ್ಕನ ತಲೆಯೂ ಬೆಳ್ಳಗಾಗಿತ್ತು.

"ಅವತ್ತು ಆ ನಾಲ್ಕಾಣೆ ಇಸ್ಕೊಂಡಿದ್ರೆ ಈ ನೀರು ಅವತ್ತೇ ಬರ್ತಿತ್ತಲ್ಲಮ್ಮ" ಎಂದರು ರುದ್ರಪ್ಪನವರು. ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಮಾತು ಅದು.

ಹನುಮಕ್ಕ ಬಿಂದಿಗೆಯಲ್ಲಿ ನೀರು ತುಂಬಿ ಮೇಲೆ ತಂದಿದ್ದಳು. ಸಾಹುಕಾರರು ಎಲ್ಲಿಗೆ ಹೋದರೂ ತಮ್ಮ ಮನೆಯ ನೀರನ್ನೇ ತಂಬಿಗೆಯಲ್ಲಿ ಒಯ್ಯುವವರು, ಪರರ ಮನೆಯ ಹನಿಯನ್ನೂ ಮುಟ್ಟದವರು ಎಂದು ಆ ಸೀಮೆಗೆಲ್ಲ ಗೊತ್ತು. ಅವಳಿಗೂ ಗೊತ್ತು.

"ಬರ್ತಿತ್ತು ಸಾವ್ಕಾರ್ರೆ," ಎಂದಳು. "ಆದ್ರೆ ಅದನ್ನ ಕುಡಿಯಾಕೆ ನೀವು ಬರ್ತಿದ್ರಾ?"

ರುದ್ರಪ್ಪನವರು ನನ್ನ ಹೆಗಲು ಬಿಟ್ಟರು. ಮೇಲುವಸ್ತ್ರ ತೆಗೆದು ನನ್ನ ಕೈಗೆ ಕೊಟ್ಟು, ನಡುಗುವ ಕಾಲಲ್ಲೇ ಬಗ್ಗಿ, ಹನುಮಕ್ಕನ ಮುಂದೆ ಬೊಗಸೆ ಒಡ್ಡಿದರು. ಅವಳು ಹುಯ್ದಳು. ಕುಡಿದು, ಮತ್ತೆ ಒಡ್ಡಿದರು.